ಮಸ್ಕಿ ನಾಲಾ ಯೋಜನೆ: ಪರೀಕ್ಷಾ ಟಿಪ್ಪಣಿ

ಎಲ್ಲಿದೆ? ರಾಯಚೂರು ಜಿಲ್ಲೆಯ ಮಾರಲದಿನ್ನಿ ಗ್ರಾಮದ ಬಳಿ, ಮಸ್ಕಿ ಹಳ್ಳಕ್ಕೆ ಅಡ್ಡಲಾಗಿ. ಈ ಹಳ್ಳ ತುಂಗಭದ್ರೆಯನ್ನು ಸೇರುತ್ತದೆ. ಹೀಗಾಗಿ ಇದು ಕೃಷ್ಣಾ ಕಣಿವೆಗೆ ಸೇರಿದ ಯೋಜನೆ.

ಸಂಗ್ರಹ: ಸುಮಾರು 0.5 ಟಿಎಂಸಿ. 1 ಟಿಎಂಸಿ = 100 ಕೋಟಿ ಘನ ಅಡಿ, ಅಂದರೆ ಸುಮಾರು 2,831 ಕೋಟಿ ಲೀಟರ್.

ಮಣ್ಣಿನ ಅಣೆಕಟ್ಟಿನ ಭಾಗಗಳು
- ತಿರುಳು: ನೀರು ಸೋರದಂತೆ ತಡೆಯುವ ಜೇಡಿಮಣ್ಣಿನ ಗೋಡೆ
- ಕಲ್ಲುಹಾಸು: ಅಲೆಯ ಹೊಡೆತದಿಂದ ಏರಿಗೆ ರಕ್ಷಣೆ
- ತೂಬು: ಕಾಲುವೆಗೆ ನೀರು ಬಿಡುವ ದ್ವಾರ
- ಕೋಡಿ: ಹೆಚ್ಚುವರಿ ನೀರಿನ ದಾರಿ

ಅಪಾಯದ ಸೂಚನೆ: ನೀರು ಏರಿಯ ಮೇಲೆ ಹರಿದರೆ ಮಣ್ಣು ಕೊಚ್ಚಿಹೋಗುತ್ತದೆ. ಏರಿಯ ಬುಡದಲ್ಲಿ ತಿಳಿನೀರು ಜಿನುಗುವುದು ಸಾಮಾನ್ಯ. ರಾಡಿ ನೀರು ಬಂದರೆ ಒಳಗೆ ಮಣ್ಣು ಕೊರೆಯುತ್ತಿದೆ ಎಂದರ್ಥ. ಇಲಿ, ಹೆಗ್ಗಣಗಳ ಬಿಲ ಮತ್ತು ಮರದ ಬೇರು ಇದಕ್ಕೆ ದಾರಿ ಮಾಡುತ್ತವೆ.

ವರ್ಗೀಕರಣ (ಅಚ್ಚುಕಟ್ಟು)
- ಸಣ್ಣ: 2,000 ಹೆಕ್ಟೇರ್‌ವರೆಗೆ
- ಮಧ್ಯಮ: 2,000–10,000 ಹೆಕ್ಟೇರ್
- ಬೃಹತ್: 10,000 ಹೆಕ್ಟೇರ್‌ಗಿಂತ ಹೆಚ್ಚು

ಕಾಯ್ದೆ: ಅಣೆಕಟ್ಟು ಸುರಕ್ಷತಾ ಕಾಯ್ದೆ, 2021. 15 ಮೀಟರ್‌ಗಿಂತ ಎತ್ತರದ ಅಣೆಕಟ್ಟುಗಳು ಇದರ ವ್ಯಾಪ್ತಿಗೆ ಬರುತ್ತವೆ. 10–15 ಮೀಟರ್ ಎತ್ತರದವು ನಿಗದಿತ ಷರತ್ತುಗಳಿಗೆ ಒಳಪಟ್ಟು ಬರುತ್ತವೆ.

ಪೂರಕ ಮಾಹಿತಿ: 1915ರಲ್ಲಿ ಸಿ. ಬೀಡನ್ ಮಸ್ಕಿಯಲ್ಲಿ ಪತ್ತೆಮಾಡಿದ ಶಾಸನದಲ್ಲಿ ಅಶೋಕನ ಹೆಸರು ನೇರವಾಗಿ ಬಂದಿದೆ.

ನೆನಪಿಡಿ: ತುಂಗಭದ್ರಾ ಎಡದಂಡೆ ಕಾಲುವೆ ಬೇರೆ, ಮಸ್ಕಿ ನಾಲಾ ಬೇರೆ. ಮೊದಲನೆಯದಕ್ಕೆ ನೀರು ಬರುವುದು ತುಂಗಭದ್ರಾ ಜಲಾಶಯದಿಂದ. ಎರಡನೆಯದಕ್ಕೆ ಹಳ್ಳದ ಮಳೆನೀರೇ ಆಧಾರ. ಬಯಲುಸೀಮೆಯ ರೈತರಿಗೆ ಇಂಥ ಸಣ್ಣ ಜಲಾಶಯಗಳೂ ದೊಡ್ಡ ಆಸರೆ. ದೊಡ್ಡ ಅಣೆಕಟ್ಟುಗಳಷ್ಟೇ ಶ್ರದ್ಧೆಯಿಂದ ಇವನ್ನೂ ಓದಿಕೊಳ್ಳಿ.