ಸಣ್ಣ ಬೆಳೆಗಾರರ ಮನೆಯಲ್ಲಿ ಬೆಕ್ಕು: ಒಂದು ಲೆಕ್ಕಾಚಾರ

ಸನ್ಯಾಸಿಯ ಕೌಪೀನದ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿದೆ. ಇಲಿ ಕೌಪೀನ ಕಡಿಯಿತೆಂದು ಬೆಕ್ಕು ತಂದ. ಬೆಕ್ಕಿಗೆ ಹಾಲು ಬೇಕೆಂದು ಹಸು ತಂದ. ಹಸುವಿಗೆ ಹುಲ್ಲು, ಹುಲ್ಲಿಗೆ ಹೊಲ, ಕೊನೆಗೆ ಸಂಸಾರವೇ ಕೊರಳಿಗೆ ಬಿತ್ತು. ಎರಡು ಮೂರು ಎಕರೆ ತೋಟದವರಿಗೆ ಈ ಕಥೆ ಬರಿಯ ನಗೆಯ ಮಾತಲ್ಲ. ಅಡಿಕೆ, ಕಾಫಿ, ಮೆಣಸು ಕೂಡಿಸಿಟ್ಟ ಮನೆಗೆ ಇಲಿ ಬರುತ್ತದೆ. ಇಲಿಗಾಗಿ ಬೆಕ್ಕು ಬರುತ್ತದೆ. ಅದರ ಹಿಂದೆ ಖರ್ಚು ಬರುತ್ತದೆ. ಈ ಖರ್ಚನ್ನು ಮೊದಲೇ ಅಳೆದಿಟ್ಟುಕೊಂಡರೆ ಸನ್ಯಾಸಿಯ ಪಾಡು ನಮಗೆ ಬರುವುದಿಲ್ಲ. ಅಳೆಯದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯ ಅನುಭವದಿಂದಲೇ ಹೇಳುತ್ತೇವೆ.

ಉಳಿಸಿದ್ದು ಒಂದು ಸೂಜಿಮದ್ದು

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಮನೆಯ ಬೆಕ್ಕಿಗೆ ಹುಚ್ಚುರೋಗದ ಲಸಿಕೆ ಹಾಕಿಸಿರಲಿಲ್ಲ. ನಾಯಿಗೆ ಹಾಕಿಸಿದ್ದೆವು, "ಬೆಕ್ಕಿಗೆಲ್ಲ ಯಾರು ಹಾಕಿಸುತ್ತಾರೆ" ಎಂದು ಬಿಟ್ಟಿದ್ದೆವು. ಕಾಫಿ ಕೊಯ್ಲಿನ ಭರಾಟೆಯಲ್ಲಿ ಅದು ಮೂರು ದಿನ ಕಾಣೆಯಾಗಿ, ಹೆಗಲಲ್ಲಿ ಗಾಯ ಮಾಡಿಕೊಂಡು ಮರಳಿತು. ಎಂಟು ವರ್ಷದ ಮಗಳು ಎತ್ತಿಕೊಳ್ಳಲು ಹೋದಾಗ ಕೈಗೆ ರಕ್ತ ಬರುವಂತೆ ಕಚ್ಚಿತು. ಎರಡು ದಿನದ ಮೇಲೆ ಸೌದೆಕೊಟ್ಟಿಗೆಯಲ್ಲಿ ಸತ್ತು ಬಿದ್ದಿತ್ತು.

ಅದಕ್ಕೆ ಹುಚ್ಚುರೋಗವೇ ಬಂದಿತ್ತೋ ಇಲ್ಲವೋ ನಮಗೆ ಕೊನೆಗೂ ತಿಳಿಯಲಿಲ್ಲ. ತಿಳಿಯುವವರೆಗೆ ಕಾಯುವ ರೋಗವೂ ಅದಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದು ಇಲ್ಲವೆಂದೇ ಹೇಳಬೇಕು. ಕಚ್ಚಿದ ದಿನವೇ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಾಲ್ಲೂಕು ಆಸ್ಪತ್ರೆಗೆ ಓಡಿದೆವು. ರಕ್ತ ಬಂದ ಗಾಯವಾದ್ದರಿಂದ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಚುಚ್ಚಿದರು. ಆಮೇಲೆ ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ ಮತ್ತೆ ಮತ್ತೆ ಪ್ರಯಾಣ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ಆದರೆ ಬಸ್ಸಿನ ಖರ್ಚು, ಕೆಲಸ ಬಿಟ್ಟ ದಿನಗಳು, ಗಿಡದಲ್ಲೇ ಒಣಗಿ ಉದುರಿದ ಹಣ್ಣು ಉಚಿತವಲ್ಲ. ಆ ತಿಂಗಳು ಮನೆಯವರಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಮಗಳು ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ನಾವು ಉಳಿಸಿದ್ದೆಂದು ತಿಳಿದಿದ್ದ ಹಣದ ಬೆಲೆ ಮಾತ್ರ ಅಂದೇ ತಿಳಿಯಿತು.

ಆದ್ದರಿಂದ ಬಡತನದಲ್ಲಿ ಯಾವ ಖರ್ಚನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದೇ ಈ ಪಾಠದ ಸಾರ.

ಬೆಕ್ಕಿನಿಂದ ಏನು ಲಾಭ?

ಗೋಣಿಚೀಲ ಕಡಿಯುವ, ಭತ್ತ, ಹಿಂಡಿ, ಬಿತ್ತನೆ ಬೀಜ ತಿನ್ನುವ ಇಲಿಗಳ ಹಾವಳಿಯನ್ನು ಒಳ್ಳೆಯ ಬೆಕ್ಕು ಕಡಿಮೆ ಮಾಡುತ್ತದೆ. ಇಲಿಯ ಮೂತ್ರದಿಂದ ಹರಡುವ ಇಲಿಜ್ವರದ ಭಯವೂ ಇರುವುದರಿಂದ ಮನೆಯ ಸುತ್ತ ಇಲಿ ಕಡಿಮೆಯಾಗುವುದು ಒಳ್ಳೆಯದೇ. ಆದರೆ ಅತಿಯಾಸೆ ಬೇಡ. ದೊಡ್ಡ ಹೆಗ್ಗಣವನ್ನು ಅನೇಕ ಬೆಕ್ಕುಗಳು ಮುಟ್ಟುವುದಿಲ್ಲ. ಅಡಿಕೆ ಮರದ ತಲೆಯಲ್ಲಿ ಎಳೆಕಾಯಿ ಕಡಿಯುವ, ಕೋಕೋ ಕಾಯಿ ಕೊರೆಯುವ ಇಲಿಗಳಿಗೂ ಬೆಕ್ಕು ಪೂರ್ತಿ ಉತ್ತರವಲ್ಲ. ಬೋನು, ಸ್ವಚ್ಛತೆ, ಬಿಲ ಮುಚ್ಚುವುದು ಇವುಗಳ ಜೊತೆಗೆ ಬೆಕ್ಕು ಒಂದು ಸಹಾಯ, ಅಷ್ಟೆ.

ಆಹಾರ: ಹಾಲು ಸಾಲದು

"ಹೊಟ್ಟೆಗೆ ಹಾಕಿದರೆ ಬೆಕ್ಕು ಇಲಿ ಹಿಡಿಯುವುದಿಲ್ಲ" ಎಂಬ ಮಾತನ್ನು ನಂಬಿ ಉಪವಾಸ ಕೆಡವಬೇಡಿ. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ಅದು ಅದರ ಹುಟ್ಟುಗುಣ. ಹಸಿದ ಬೆಕ್ಕು ನೆರೆಮನೆಗೆ ಅಲೆಯುತ್ತದೆ, ಕೋಳಿಮರಿಗೆ ಬಾಯಿ ಹಾಕುತ್ತದೆ, ರೋಗಕ್ಕೂ ಬೇಗ ತುತ್ತಾಗುತ್ತದೆ.

ಬೆಕ್ಕು ಮಾಂಸಾಹಾರಿ. ಮಾಂಸ ಮೀನಿನಲ್ಲಿರುವ ಟಾರಿನ್ ಎಂಬ ಸತ್ವ ಬಹುಕಾಲ ಸಿಗದಿದ್ದರೆ ಅದರ ಕಣ್ಣೂ ಹೃದಯವೂ ಕೆಡುತ್ತವೆ. ಬೆಳೆದ ಅನೇಕ ಬೆಕ್ಕುಗಳಿಗೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಹಾಗಾಗಿ ಹಾಲಿನ ಖರ್ಚನ್ನು ನಿಶ್ಚಿಂತೆಯಿಂದ ಕಡಿಮೆ ಮಾಡಿ, ಶುದ್ಧ ನೀರು ಇಡಬಹುದು.

ಮೂರೂವರೆ ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಸುಮಾರು 60 ಗ್ರಾಂ ಬೇಯಿಸಿದ ಬೂತಾಯಿ ಮೀನು, ಅಷ್ಟೇ ತೂಕದ ಅನ್ನ ಕಲಸಿ ಕೊಟ್ಟರೆ ಹೊಟ್ಟೆಗೆ ಸಾಕು. ತಿಂಗಳಿಗೆ 1.8 ಕಿಲೋ ಮೀನಾಯಿತು. ಮನೆ ಅಡಿಗೆಯಲ್ಲಿ ಉಳಿಯುವ ಮೀನಿನ ತಲೆ, ಕೋಳಿಯ ಈಲಿ ಗುಂಡಿಗೆ ಇತ್ಯಾದಿ ಅರ್ಧ ಭಾಗ ತುಂಬಿಸಿದರೆ ಕೊಳ್ಳಬೇಕಾದದ್ದು 900 ಗ್ರಾಂ ಮಾತ್ರ. ಬೆಕ್ಕು ಹಿಡಿದ ಇಲಿಯ ಲೆಕ್ಕ ಬೇರೆ. ನೆನಪಿಡಬೇಕಾದದ್ದು ಎರಡು: ಬೆಕ್ಕಿನ ಪಾಲನ್ನು ಮಸಾಲೆ ಹಾಕುವ ಮುಂಚೆಯೇ ತೆಗೆದಿಡಬೇಕು, ಏಕೆಂದರೆ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ, ಬೇಯಿಸಿದ ಕೋಳಿಯ ಮೂಳೆ ಹಾಕಬಾರದು.

ಮೀನು ಮಾಂಸ ಬಾರದ ಮನೆಗಳೂ ನಮ್ಮ ಸದಸ್ಯರಲ್ಲಿ ಬಹಳವಿವೆ. ಅಲ್ಲಿ ಬೆಕ್ಕು ಮೊಸರನ್ನದ ಜೊತೆಗೆ ಬೇಟೆಯನ್ನೂ ನಂಬಿ ಬದುಕುತ್ತದೆ. ಬೇಟೆ ಸಾಲದೆ ಬೆಕ್ಕು ಬಡಕಲಾದರೆ, ಅಂಗಡಿಯ ಒಣ ಬೆಕ್ಕಿನಾಹಾರವನ್ನು ದಿನಕ್ಕೊಂದು ಹಿಡಿ ಕೊಟ್ಟಿಗೆಯಲ್ಲಿಟ್ಟು ಹಾಕುವುದು ಮೇಲು.

ಬಿಡಬಾರದ ಮೂರು ಖರ್ಚು

1. ಹುಚ್ಚುರೋಗದ ಲಸಿಕೆ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ವೈದ್ಯರು ಹೇಳಿದಂತೆ ಎರಡನೆಯದು, ಆಮೇಲೆ ವರ್ಷಕ್ಕೊಮ್ಮೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸಮಯದಲ್ಲಿ ಅನೇಕ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಶಿಬಿರ ನಡೆಯುತ್ತದೆ. ಆಗಸ್ಟ್ ತಿಂಗಳಲ್ಲೇ ಹೋಗಿ ವಿಚಾರಿಸಿಡಿ.

2. ಶಸ್ತ್ರಚಿಕಿತ್ಸೆ. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಬೆದೆಗೆ ಬರುತ್ತದೆ. ಗರ್ಭ ಸುಮಾರು ಒಂಬತ್ತು ವಾರ. ವರ್ಷಕ್ಕೆ ಎರಡು ಮೂರು ಸೂಲು, ಸೂಲಿಗೆ ಮೂರರಿಂದ ಐದು ಮರಿ. ಒಂದು ಬೆಕ್ಕಿನ ಖರ್ಚು ಹೀಗೆ ಹತ್ತು ಬೆಕ್ಕಿನದಾಗುತ್ತದೆ. ಮರಿಗಳನ್ನು ಚೀಲದಲ್ಲಿ ಕಟ್ಟಿ ಸಂತೆಯಲ್ಲಿ ಬಿಟ್ಟು ಬರುವುದು ಪಾಪದ ಕೆಲಸ ಮಾತ್ರವಲ್ಲ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧವೂ ಹೌದು. ಇದು ಒಮ್ಮೆ ಮಾಡಿದರೆ ಮುಗಿಯುವ ಖರ್ಚು. ಗಂಡಿನ ಚಿಕಿತ್ಸೆ ಹೆಣ್ಣಿನದಕ್ಕಿಂತ ಸುಲಭ, ಸಾಮಾನ್ಯವಾಗಿ ಅಗ್ಗ. ಆದ್ದರಿಂದ ಕೈಯಲ್ಲಿ ಹಣ ಕಡಿಮೆಯಿದ್ದರೆ ಗಂಡು ಮರಿ ತಂದು, ಚಿಕಿತ್ಸೆ ಮಾಡಿಸಿ. ಅಲೆಯುವುದು, ಕಚ್ಚಾಡುವುದು ಎರಡೂ ಕಡಿಮೆಯಾಗುತ್ತದೆ.

3. ಜಂತುನಾಶಕ. ಬೇಟೆಯಾಡುವ ಬೆಕ್ಕಿಗೆ ಮೂರು ತಿಂಗಳಿಗೊಮ್ಮೆ, ತೂಕಕ್ಕೆ ತಕ್ಕ ಪ್ರಮಾಣದಲ್ಲಿ, ವೈದ್ಯರನ್ನು ಕೇಳಿಯೇ ಕೊಡಬೇಕು.

ನಾಲ್ಕೈದು ಮನೆಯವರು ಕೂಡಿ ಒಂದೇ ದಿನ, ಒಂದೇ ಜೀಪಿನಲ್ಲಿ ಬೆಕ್ಕುಗಳನ್ನು ಒಯ್ದರೆ ಬಾಡಿಗೆ ಹಂಚಿಹೋಗುತ್ತದೆ. ಮುಚ್ಚಳವಿರುವ ಬಿದಿರು ಬುಟ್ಟಿಯೇ ಸಾಕು, ಅಂಗಡಿಯ ಪಂಜರ ಬೇಕಿಲ್ಲ. ಕೊರಳಪಟ್ಟಿ, ಆಟಿಕೆ, ಹಾಸಿಗೆ ಇವೆಲ್ಲ ಬಿಡಬಹುದಾದ ಖರ್ಚು; ಹಳೆಯ ಗೋಣಿಯಲ್ಲಿ ಬೆಕ್ಕು ಸುಖವಾಗಿ ಮಲಗುತ್ತದೆ.

ತೋಟದ ವಿಷಗಳು

ವೈದ್ಯರ ದೊಡ್ಡ ಖರ್ಚು ಬರುವುದು ಬಹುಪಾಲು ನಮ್ಮ ಅಜಾಗರೂಕತೆಯಿಂದಲೇ. ಬ್ರೊಮಾಡಿಯೊಲೋನ್ ಬಿಲ್ಲೆ ತಿಂದ ಇಲಿಯನ್ನು ಬೆಕ್ಕು ತಿಂದರೆ ವಿಷ ಬೆಕ್ಕಿಗೂ ಏರುತ್ತದೆ. ಬೆಕ್ಕು ಸಾಕಿದ ಮನೆಯಲ್ಲಿ ಇಲಿಪಾಷಾಣ ಬೇಡ, ಬೋನು ಇಡಿ. ಬೆಕ್ಕು ಮೈ ನೆಕ್ಕುವ ಪ್ರಾಣಿಯಾದ್ದರಿಂದ ಔಷಧಿ ಸಿಂಪಡಿಸಿದ ಬಟ್ಟೆ, ಬೋರ್ಡೋ ದ್ರಾವಣದ ಡ್ರಮ್ಮು, ಕೀಟನಾಶಕದ ಡಬ್ಬಿ ಇವನ್ನು ಅದಕ್ಕೆ ಎಟುಕದಂತೆ ಇಡಬೇಕು. ನಾಯಿಯ ಉಣ್ಣೆಗೆಂದು ತಂದ ಪರ್ಮೆಥ್ರಿನ್ ಔಷಧಿಯನ್ನು ಬೆಕ್ಕಿಗೆ ಹಚ್ಚಲೇಬಾರದು. ಜ್ವರವೆಂದು ನಾವು ನುಂಗುವ ಪ್ಯಾರಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ರಾತ್ರಿ ಎಲ್ಲಿ?

ನಮ್ಮ ಕಡೆ ಚಿರತೆಯ ಭಯವಿದೆ. ಇಲಿ ಓಡಾಡುವುದೂ ರಾತ್ರಿಯೇ. ಎರಡಕ್ಕೂ ಒಂದೇ ಉಪಾಯವೆಂದರೆ, ಸಂಜೆಯ ಊಟವನ್ನು ಅಟ್ಟದಲ್ಲೋ ಉಗ್ರಾಣದಲ್ಲೋ ಹಾಕಿ, ರಾತ್ರಿ ಅಲ್ಲೇ ಕೂಡಿಹಾಕುವುದು. ಮೂಲೆಯಲ್ಲಿ ಒಣಮಣ್ಣು ತುಂಬಿದ ಪೆಟ್ಟಿಗೆ ಇಡಬೇಕು. ಆದರೆ ಪಾರ್ಚ್‌ಮೆಂಟ್ ಕಾಫಿ ಇರುವ ಕೋಣೆಗೆ ಬಿಡಬಾರದು. ಕಾಫಿ ವಾಸನೆ ಹೀರುವ ವಸ್ತು, ಮೂತ್ರ ತಾಗಿದರೆ ಚೀಲ ಕೆಟ್ಟಂತೆಯೇ. ಕಣದಲ್ಲಿ ಒಣಹಾಕಿದ ಕಾಫಿಯ ರಾಶಿಗೂ ಸಂಜೆ ತಪ್ಪದೆ ಟಾರ್ಪಾಲು ಮುಚ್ಚಿ.

ಹಣ ಒದಗಿಸುವ ಬಗೆ

ಸಂಬಳದವರಂತೆ ನಮಗೆ ತಿಂಗಳು ತಿಂಗಳು ಹಣ ಬರುವುದಿಲ್ಲ. ಕೊಯ್ಲು ಮುಗಿದಾಗ ಬರುತ್ತದೆ, ಮಳೆಗಾಲದಲ್ಲಿ ಕೈ ಬರಿದಾಗುತ್ತದೆ. ಬೆಕ್ಕಿಗೆ ಗಾಯವಾಗುವುದು, ಲಸಿಕೆಯ ದಿನ ಬರುವುದು ಹಾಗೆ ನೋಡಿಕೊಂಡು ಬರುವುದಿಲ್ಲ. ಆದ್ದರಿಂದ ಅಡಿಕೆಯೋ ಕಾಫಿಯೋ ಮಾರಿದ ದಿನವೇ ವರ್ಷದ ಹಣವನ್ನು ಬೇರೆ ಡಬ್ಬಿಯಲ್ಲಿ ಇಡಬೇಕು.

ಲೆಕ್ಕ ಹೀಗೆ: ಒಂದು ಲಸಿಕೆ, ನಾಲ್ಕು ಸಲದ ಜಂತುನಾಶಕ, ಎರಡು ಸಲ ಪೇಟೆಗೆ ಹೋಗಿಬರುವ ಬಾಡಿಗೆ, ಹನ್ನೆರಡು ತಿಂಗಳ ಮೀನು. ಇವಕ್ಕೆ ನಿಮ್ಮ ಊರಿನ ದರ ಬರೆದು ಕೂಡಿಸಿ. ಬಂದ ಮೊತ್ತದ ಕಾಲು ಭಾಗವನ್ನು ಆಪತ್ತಿಗೆಂದು ಸೇರಿಸಿ. ಮೊತ್ತ 2,400 ರೂಪಾಯಿ ಆಯಿತೆಂದು ಇಟ್ಟುಕೊಂಡರೆ, ಆಪತ್ತಿನ 600 ಸೇರಿ 3,000 ಡಬ್ಬಿಗೆ ಹೋಗಬೇಕು. ಮೊದಲ ವರ್ಷ ಶಸ್ತ್ರಚಿಕಿತ್ಸೆಯ ಹಣ ಇದಕ್ಕೆ ಹೆಚ್ಚುವರಿ. ವರ್ಷದ ಕೊನೆಗೆ ಆಪತ್ತಿನ ಹಣ ಉಳಿದಿದ್ದರೆ ತೆಗೆಯದೆ ಮುಂದಿನ ವರ್ಷಕ್ಕೆ ಬಿಡಿ.

ಮೊತ್ತ ಕೈಗೆಟುಕದಿದ್ದರೆ ಈ ವರ್ಷ ಬೆಕ್ಕು ತರದೆ ಬೋನಿನಲ್ಲೇ ಸಾಗಿಸುವುದು ಅವಮಾನವಲ್ಲ. ಎರಡು ಬೆಕ್ಕಿನ ಬದಲು ಒಂದನ್ನು ಸರಿಯಾಗಿ ಸಾಕುವುದೂ ಸಣ್ಣತನವಲ್ಲ. ಈಗಾಗಲೇ ಮನೆಯಲ್ಲಿ ಬೆಕ್ಕಿರುವವರು ಮಾತ್ರ ಒಂದು ಪ್ರಶ್ನೆಗೆ ಇಂದೇ ಉತ್ತರ ಹುಡುಕಬೇಕು: ಅದಕ್ಕೆ ಕೊನೆಯ ಲಸಿಕೆ ಹಾಕಿಸಿದ್ದು ಯಾವಾಗ? ನೆನಪಾಗದಿದ್ದರೆ, ಮುಂದಿನ ಸಂತೆಯ ದಿನ ಅಡಿಕೆ ಚೀಲದ ಜೊತೆಗೆ ಬೆಕ್ಕಿನ ಬುಟ್ಟಿಯೂ ಜೀಪು ಹತ್ತಲಿ.