ಐದು ಸ್ಟಾರ್ ಅಂದ್ರೆ ಏನು ಲೆಕ್ಕ?

ಆನ್‌ಲೈನ್‌ನಲ್ಲಿ ಜನ ಕೊಡೋ ಸ್ಟಾರ್ ಬೇರೆ, ಭದ್ರಾವತಿಯ ಅಂಗಡಿಗಳಲ್ಲಿ ಏಸಿ ಮೇಲೆ ಅಂಟಿಸಿರೋ ಸ್ಟಾರ್ ಬೇರೆ. ಎರಡನೆಯದು ಅಭಿಪ್ರಾಯ ಅಲ್ಲ, ಬರೀ ಭಾಗಾಕಾರ.

ಈ ಚೀಟಿಯನ್ನು ಕೇಂದ್ರ ಸರ್ಕಾರದ ಬಿಇಇ 2006ರಲ್ಲಿ ಶುರು ಮಾಡಿತು. ಕಂಪನಿಯೇ ಮಾನ್ಯತೆ ಇರೋ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ ವರದಿ ಕೊಡಬೇಕು. (ಅನುಮಾನ ಬಂತಾ? ನಮಗೂ ಬಂತು. ಅದಕ್ಕೇ ಬಿಇಇ ಮಾರುಕಟ್ಟೆಯಿಂದ ಕೆಲವು ಪೀಸ್ ಎತ್ತಿಕೊಂಡು ಮತ್ತೆ ಪರೀಕ್ಷಿಸುತ್ತೆ.)

ಏಸಿ ಒಂದು ವರ್ಷದಲ್ಲಿ ಹೊರಹಾಕಿದ ಶಾಖವನ್ನು ಅದು ತಿಂದ ವಿದ್ಯುತ್ತಿನಿಂದ ಭಾಗಿಸಿದರೆ ಬರೋದೇ ಐಎಸ್ಇಇಆರ್. ಅದರ ಮೇಲೆ ಸ್ಟಾರ್. ಈ 'ವರ್ಷ' ಅಂದ್ರೆ 1600 ಗಂಟೆ, ಹೊರಗೆ 24ರಿಂದ 43 ಡಿಗ್ರಿ. ಇಲ್ಲೇ ನಮ್ಮ ತಕರಾರು. 43 ಡಿಗ್ರಿ ರಾಯಚೂರಿಗೆ ಸರಿ, ಮಲೆನಾಡಿನ ಅಂಚಿನ ನಮ್ಮೂರಿಗೆ?

ಎರಡು ಏಸಿಗಳ ಚೀಟಿಯಲ್ಲಿ ವರ್ಷಕ್ಕೆ 200 ಯೂನಿಟ್ ವ್ಯತ್ಯಾಸ ಇದೆ ಅಂತಿಟ್ಟುಕೊಳ್ಳಿ. ನಾವು ಓಡಿಸೋದು 400 ಗಂಟೆ ಮಾತ್ರ ಆದ್ರೆ ಉಳಿಯೋದು ಸುಮಾರು 50 ಯೂನಿಟ್. ಅದಕ್ಕಾಗಿ ಎಷ್ಟು ಸಾವಿರ ಜಾಸ್ತಿ ಕೊಡ್ತೀವಿ?

ಫ್ಯಾನ್ ಕಥೆ ಉಲ್ಟಾ. ಅಲ್ಲಿ ನಿಮಿಷಕ್ಕೆ ತಳ್ಳೋ ಗಾಳಿಯನ್ನು ವ್ಯಾಟ್‌ನಿಂದ ಭಾಗಿಸ್ತಾರೆ. ಹಳೇ ಫ್ಯಾನ್ ಸುಮಾರು 75 ವ್ಯಾಟ್, ಬಿಎಲ್‌ಡಿಸಿ ಸುಮಾರು 30. ದಿನಕ್ಕೆ 10 ಗಂಟೆಯಂತೆ 300 ದಿನ ತಿರುಗಿದರೆ ಒಂದೇ ಫ್ಯಾನಿಂದ 135 ಯೂನಿಟ್ ಉಳಿಯುತ್ತೆ.