ಸ್ಥೂಲಕಾಯ: ಕಾರಣ, ಪರಿಣಾಮ ಮತ್ತು ಚಿಕಿತ್ಸೆ

(ಅಂತಿಮ ಬಿ. ಎ. ತರಗತಿ)

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಆದರೆ ಊಟವನ್ನು ಬಲ್ಲುದೆಂದರೇನು ಎಂದು ವಿಚಾರಮಾಡುವವರು ವಿರಳ. ಹಸಿವೆಯಿಂದ ಮನುಷ್ಯ ಸಾಯುತ್ತಾನೆಂಬುದನ್ನು ಎಲ್ಲರೂ ಬಲ್ಲರು. ಅಗತ್ಯಕ್ಕೆ ಮೀರಿದ ಊಟವೂ ನಿಧಾನವಾಗಿ ಆಯುಸ್ಸನ್ನು ಕಡಿಮೆಮಾಡುತ್ತದೆಂಬುದನ್ನು ನಂಬುವವರು ಕಡಿಮೆ. ನಮ್ಮ ಕಡೆ ಮುಂಬಯಿಯಿಂದಲೋ ದುಬೈಯಿಂದಲೋ ಊರಿಗೆ ಬಂದವನು ದಪ್ಪಗಾಗಿದ್ದರೆ “ಮೈಕೈ ತುಂಬಿಕೊಂಡಿದ್ದಾನೆ” ಎಂದು ಸಂತೋಷಪಡುತ್ತಾರೆ. ತೆಳ್ಳಗಾಗಿದ್ದರೆ “ಊಟ ಸರಿಯಿಲ್ಲವೋ ಏನೋ” ಎಂದು ಮರುಗುತ್ತಾರೆ. ತಲೆತಲಾಂತರದಿಂದ ಹಸಿವೆಯನ್ನು ಕಂಡ ಮನೆಗಳಲ್ಲಿ ಹೀಗೆನಿಸುವುದು ಸಹಜವೇ. ಆದರೆ ಹಸಿವೆಯಿಂದ ಪಾರಾದ ಮನೆಯನ್ನೇ ಈಗ ಹೊಸ ರೋಗವೊಂದು ಹುಡುಕಿಕೊಂಡು ಬರುತ್ತಿದೆ. ಅದರ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಸ್ಥೂಲಕಾಯವೆಂದರೇನು?

ಆರೋಗ್ಯಕ್ಕೆ ಹಾನಿ ತರುವಷ್ಟು ಕೊಬ್ಬು ಶರೀರದಲ್ಲಿ ಶೇಖರವಾಗುವುದೇ ಸ್ಥೂಲಕಾಯ, ಆಡುಮಾತಿನಲ್ಲಿ ಬೊಜ್ಜು. ಇದು ಇಂದು ಹುಟ್ಟಿದ ವಿಷಯವಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ನಿಂದಿತವಾದ ಎಂಟು ಬಗೆಯ ಶರೀರಗಳನ್ನು ಹೇಳುವಾಗ ಅತಿಸ್ಥೂಲ ಮತ್ತು ಅತಿಕೃಶ ಎರಡನ್ನೂ ಎಣಿಸಿದೆ. ಅತಿಯಾದ ಊಟ, ಸಿಹಿಯಾದ ಹಾಗೂ ಜಡವಾದ ಆಹಾರ, ವ್ಯಾಯಾಮದ ಅಭಾವ, ಹಗಲುನಿದ್ರೆ, ಬೀಜಸ್ವಭಾವ ಇವು ಸ್ಥೂಲತೆಗೆ ಕಾರಣಗಳೆಂದು ಅಲ್ಲಿ ಹೇಳಿದೆ. ಇಂದಿನ ವೈದ್ಯಶಾಸ್ತ್ರದ ಪಟ್ಟಿಯೂ ಇದರಿಂದ ಬಹಳ ದೂರವಿಲ್ಲ.

ಬೊಜ್ಜನ್ನು ಅಳೆಯಲು ಬಿ.ಎಂ.ಐ. ಎಂಬ ಲೆಕ್ಕವಿದೆ. ಇದರ ಮೂಲಪುರುಷ ೧೯ನೆಯ ಶತಮಾನದ ಬೆಲ್ಜಿಯಂ ಗಣಿತಜ್ಞ ಕೆಟಲೆ. ತೂಕದ ಕಿಲೋಗ್ರಾಮುಗಳನ್ನು, ಮೀಟರುಗಳಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಬೇಕು. ೧೬೦ ಸೆಂಟಿಮೀಟರ್ ಎತ್ತರದವನು ೬೪ ಕಿಲೋ ತೂಗಿದರೆ ಅವನ ಅಂಕ ೨೫. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ೨೫ಕ್ಕೆ ಅತಿತೂಕ, ೩೦ಕ್ಕೆ ಸ್ಥೂಲಕಾಯ. ಆದರೆ ಭಾರತೀಯರಿಗೆ ಕಡಿಮೆ ತೂಕದಲ್ಲಿಯೇ ಸಕ್ಕರೆರೋಗ, ಹೃದ್ರೋಗಗಳು ತಗಲುವುದರಿಂದ, ನಮ್ಮ ದೇಶದ ತಜ್ಞರು ೨೦೦೯ರಲ್ಲಿ ೨೩ಕ್ಕೆ ಅತಿತೂಕವೆಂದೂ ೨೫ಕ್ಕೆ ಸ್ಥೂಲಕಾಯವೆಂದೂ ಗೊತ್ತುಮಾಡಿದರು. ಇದಕ್ಕಿಂತ ಸುಲಭವಾದ ಅಳತೆ ಸೊಂಟದ ಸುತ್ತಳತೆ. ಅದು ಗಂಡಸರಲ್ಲಿ ೯೦, ಹೆಂಗಸರಲ್ಲಿ ೮೦ ಸೆಂಟಿಮೀಟರ್ ಮೀರಬಾರದು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ತಮಗೆ ಬೊಜ್ಜಿಲ್ಲವೆಂದು ತಿಳಿಯುವುದುಂಟು. ನಿಜಕ್ಕೂ ಹೊಟ್ಟೆಯೊಳಗಿನ ಕೊಬ್ಬೇ ಹೆಚ್ಚು ಅಪಾಯಕಾರಿ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ೨೫ರ ಅಂಕ ಮುಟ್ಟಿದ ಅಥವಾ ಮೀರಿದ ಹೆಂಗಸರು ೨೦೧೫-೧೬ರಲ್ಲಿ ನೂರಕ್ಕೆ ಸುಮಾರು ೨೩ ಇದ್ದರು; ೨೦೧೯-೨೧ರಲ್ಲಿ ೩೦ ಆದರು. ಗಂಡಸರ ಪ್ರಮಾಣವೂ ೨೨ರಿಂದ ೩೧ರ ಸಮೀಪಕ್ಕೆ ಏರಿತು. ಅದೇ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು ೧೭ ಹೆಂಗಸರು ತೀರ ಕೃಶರು. ಅಂದರೆ ಒಂದೇ ನಾಡಿನಲ್ಲಿ ಹಸಿವೆಯೂ ಬೊಜ್ಜೂ ಜೊತೆಯಾಗಿ ವಾಸಿಸುತ್ತಿವೆ.

ಕಾರಣಗಳು

ದೇಹಕ್ಕೆ ಬಂದ ಶಕ್ತಿ ಖರ್ಚಿಗಿಂತ ಹೆಚ್ಚಾದರೆ ಉಳಿದದ್ದು ಕೊಬ್ಬಾಗಿ ನಿಲ್ಲುತ್ತದೆ. ಒಂದು ಗ್ರಾಂ ಪಿಷ್ಟದಿಂದ ೪, ಒಂದು ಗ್ರಾಂ ಎಣ್ಣೆಯಿಂದ ೯ ಕಿಲೊಕ್ಯಾಲೊರಿ ದೊರೆಯುತ್ತದೆ. ಆದುದರಿಂದ ಎಣ್ಣೆಯಲ್ಲಿ ಕರಿದ ತಿಂಡಿ ಕೈಯಲ್ಲಿ ಹಗುರವಾಗಿದ್ದರೂ ಲೆಕ್ಕದಲ್ಲಿ ಭಾರ. ೩೦೦ ಮಿಲಿಲೀಟರ್ ತಂಪುಪಾನೀಯದಲ್ಲಿ ಸುಮಾರು ೩೦ ಗ್ರಾಂ ಸಕ್ಕರೆ, ಅಂದರೆ ಆರೇಳು ಚಮಚೆ, ಇರುತ್ತದೆ.

ಈಗ ನಮ್ಮ ಮೂರು ತಾಲೂಕುಗಳ ಕಡೆಗೆ ನೋಡೋಣ. ನಮ್ಮ ಹಿರಿಯರು ಕುಚ್ಚಿಗೆ ಅಕ್ಕಿಯ ಗಂಜಿಯನ್ನು ಹೊಟ್ಟೆತುಂಬ ಉಂಡರು. ಉಂಡದ್ದು ಮೈಯಲ್ಲಿ ನಿಲ್ಲಲಿಲ್ಲ. ಕುಮಟಾದ ಅಘನಾಶಿನಿ ದಂಡೆಯ ಗಜನಿಗಳಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕಗ್ಗ ಭತ್ತ ಬೆಳೆದರು. ಹೊನ್ನಾವರದ ಕಡಲದಂಡೆಯಲ್ಲಿ ಹತ್ತಾರು ಜನ ಸೇರಿ ರಂಪಣಿ ಬಲೆ ಎಳೆದರು. ಭಟ್ಕಳದ ಮಲ್ಲಿಗೆ ಗಿಡಗಳಿಗೆ ಬಾವಿಯ ನೀರು ಸೇದಿ ಹೊತ್ತರು. ಮನೆಯೊಳಗೆ ಹೆಂಗಸರು ಭತ್ತ ಕುಟ್ಟಿದರು, ಮಸಾಲೆ ಅರೆದರು. ಇಂದು ಪಂಪು, ಮಿಕ್ಸರ್, ಯಂತ್ರದೋಣಿ, ಬೈಕುಗಳು ಬಂದಿವೆ. ಇವನ್ನು ದೂಷಿಸುವುದು ಸರಿಯಲ್ಲ. ಬೆನ್ನುಮುರಿಯುವ ದುಡಿತವನ್ನು ಯಾರೂ ಹಂಬಲಿಸುವುದಿಲ್ಲ. ಆದರೆ ದುಡಿತ ಹೋದರೂ ತಟ್ಟೆಯ ಅನ್ನ ಮಾತ್ರ ಅಷ್ಟೇ ಉಳಿಯಿತು. ಅದರ ಮೇಲೆ ಬೇಕರಿಯ ತಿಂಡಿಯೂ ಸೇರಿತು. ಮೇಲಾಗಿ ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಕರಾವಳಿಯಲ್ಲಿ ನಾಲ್ಕು ತಿಂಗಳು ಹೊರಗೆ ನಡೆಯುವುದೂ ಕಷ್ಟ.

ಎಲ್ಲವೂ ಮನುಷ್ಯನ ಸ್ವಂತ ತಪ್ಪೆಂದು ಹೇಳಲಾಗದು. ವಂಶಗುಣ, ಥೈರಾಯ್ಡ್ ಗ್ರಂಥಿಯ ದೋಷ, ಸ್ಟಿರಾಯ್ಡಿನಂತಹ ಕೆಲವು ಔಷಧಿಗಳು, ನಿದ್ರೆಯ ಕೊರತೆ, ಮನೋವ್ಯಥೆ ಇವೂ ಕಾರಣಗಳಾಗುತ್ತವೆ. ಹಸಿವೆಯನ್ನು ತಗ್ಗಿಸುವ ಲೆಪ್ಟಿನ್ ಎಂಬ ರಸವನ್ನು ಕೊಬ್ಬಿನ ಕಣಗಳೇ ಸ್ರವಿಸುತ್ತವೆಂದು ೧೯೯೪ರಲ್ಲಿ ತಿಳಿದುಬಂದಿತು. ತೂಕ ಇಳಿದೊಡನೆ ಈ ರಸ ಕಡಿಮೆಯಾಗಿ ಹಸಿವೆ ಕೆರಳುತ್ತದೆ. ಆದುದರಿಂದ ದಪ್ಪಗಿರುವವರನ್ನು “ಡುಮ್ಮ” ಎಂದು ಹಾಸ್ಯಮಾಡುವುದು ನಿರ್ದಯೆಯಷ್ಟೇ ಅಲ್ಲ, ಅಜ್ಞಾನವೂ ಹೌದು.

ಇನ್ನೊಂದು ಕಾರಣ ನಮಗೆ ತೀರ ಹತ್ತಿರದ್ದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಶಿಶುಗಳ ತೂಕವನ್ನು ಬರೆದಿಟ್ಟಿದ್ದರು. ಆ ಶಿಶುಗಳು ದೊಡ್ಡವರಾದ ಮೇಲೆ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿಯೇ ಹೃದ್ರೋಗ ಹೆಚ್ಚಾಗಿ ಕಂಡಿತೆಂದು ೧೯೯೬ರಲ್ಲಿ ಪ್ರಕಟವಾಯಿತು. ಗರ್ಭದಲ್ಲಿ ಕೊರತೆಯನ್ನು ಕಂಡ ದೇಹವು ಮಿತವ್ಯಯಕ್ಕೆ ಒಗ್ಗಿಕೊಳ್ಳುತ್ತದೆ. ಮುಂದೆ ಸಮೃದ್ಧಿ ಬಂದಾಗ ಅದನ್ನು ತಾಳಲಾರದೆಂದು ವಿದ್ವಾಂಸರು ವಿವರಿಸುತ್ತಾರೆ. ಹಾಗಾದರೆ ಬಡತನದಿಂದ ಮೇಲೆದ್ದ ಮೊದಲ ತಲೆಮಾರಿಗೇ ಅಪಾಯ ಹೆಚ್ಚು.

ಪರಿಣಾಮಗಳು

ಬೊಜ್ಜಿನಿಂದ ಸಕ್ಕರೆರೋಗ, ರಕ್ತದೊತ್ತಡ, ಹೃದಯಾಘಾತ, ಪಾರ್ಶ್ವವಾಯುಗಳ ಸಂಭವ ಹೆಚ್ಚುತ್ತದೆ. ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ, ಮೊಣಕಾಲು ಸವೆಯುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುವುದುಂಟು. ನಿದ್ರೆಯಲ್ಲಿ ಗೊರಕೆಯೊಡನೆ ಉಸಿರು ಕಟ್ಟುತ್ತದೆ. ಹೆಂಗಸರಲ್ಲಿ ಮುಟ್ಟಿನ ಏರುಪೇರು, ಬಂಜೆತನ ತಲೆದೋರಬಹುದು. ಸ್ತನ, ಗರ್ಭಕೋಶ, ದೊಡ್ಡಕರುಳುಗಳ ಕೆಲವು ಕ್ಯಾನ್ಸರುಗಳಿಗೂ ಇದಕ್ಕೂ ಸಂಬಂಧವಿದೆ. ಇವುಗಳಲ್ಲಿ ಬಹಳಷ್ಟು ರೋಗಗಳು ನೋವಿಲ್ಲದೆ ಬೆಳೆಯುವುದರಿಂದ ತಿಳಿಯುವಷ್ಟರಲ್ಲಿ ಕಾಲ ಮೀರಿರುತ್ತದೆ.

ನಮ್ಮವರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಎದೆನೋವೋ ಪಾರ್ಶ್ವವಾಯುವೋ ಬಂದರೆ ರೋಗಿಯನ್ನು ಮಣಿಪಾಲಕ್ಕೋ ಮಂಗಳೂರಿಗೋ ಸಾಗಿಸುವುದೇ ವಾಡಿಕೆ. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ೨೦೨೨ರಲ್ಲಿ ಉತ್ತರ ಕನ್ನಡದಾದ್ಯಂತ ಎದ್ದಿತ್ತು. ಆ ಬೇಡಿಕೆ ನ್ಯಾಯವಾದದ್ದೇ. ಆದರೆ ದಾರಿ ದೂರವಿರುವವನು ಬೇಗ ಹೊರಡಬೇಕಲ್ಲವೆ?

ಚಿಕಿತ್ಸೆ

ಮೊದಲನೆಯದು ಆಹಾರ. ಅನ್ನವನ್ನು ಬಿಡಬೇಕಾಗಿಲ್ಲ, ಕಡಿಮೆಮಾಡಬೇಕು. ತಟ್ಟೆಯ ಅರ್ಧಭಾಗ ಹರಿವೆ, ಬಸಳೆ, ಸೌತೆಯಂತಹ ತರಕಾರಿಗೂ ಕಾಲುಭಾಗ ಹೆಸರುಕಾಳು, ಮೊಟ್ಟೆ ಅಥವಾ ಮೀನಿಗೂ ಮೀಸಲಿರಲಿ. ಬಂಗಡೆ, ತಾರ್ಲೆಗಳು ಉತ್ತಮ ಆಹಾರ. ಕರಿಯುವುದಕ್ಕಿಂತ ಸಾರು ಮಾಡುವುದು ಲೇಸು. ಉಪವಾಸಬಿದ್ದು ಒಮ್ಮೆಲೆ ಇಳಿಸಿದ ತೂಕ ಬಹಳ ದಿನ ನಿಲ್ಲದು.

ಎರಡನೆಯದು ವ್ಯಾಯಾಮ. ವಾರಕ್ಕೆ ೧೫೦ ನಿಮಿಷ ಬಿರುಸಿನ ನಡಿಗೆ ಸಾಕು. ಮಳೆಗಾಲದಲ್ಲಿ ಮನೆಯ ಜಗಲಿ, ಕಾಲೇಜಿನ ಮೊಗಸಾಲೆಗಳೂ ಆಗುತ್ತವೆ. ತೂಕದಲ್ಲಿ ನೂರಕ್ಕೆ ೫ರಿಂದ ೧೦ ಭಾಗ ಇಳಿದರೂ ರಕ್ತದೊತ್ತಡ, ಸಕ್ಕರೆಗಳು ಸುಧಾರಿಸುತ್ತವೆ.

ಮೂರನೆಯದು ಔಷಧಿ. ಟಿರ್ಜೆಪಟೈಡ್ ಮತ್ತು ಸೆಮಾಗ್ಲುಟೈಡ್ ಎಂಬ, ವಾರಕ್ಕೊಮ್ಮೆ ಚುಚ್ಚುವ ಔಷಧಿಗಳು ತೂಕ ಇಳಿಸಲೆಂದು ೨೦೨೫ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಇವು ಕರುಳಿನ ರಸಗಳನ್ನು ಅನುಕರಿಸಿ ಹಸಿವೆಯನ್ನು ತಗ್ಗಿಸುತ್ತವೆ. ಸೆಮಾಗ್ಲುಟೈಡಿನ ಪ್ರಯೋಗಗಳಲ್ಲಿ ಸರಾಸರಿ ನೂರಕ್ಕೆ ೧೫ ಭಾಗ ತೂಕ ಇಳಿದಿದೆ. ಆದರೆ ಓಕರಿಕೆ, ವಾಂತಿಗಳುಂಟು. ನಿಲ್ಲಿಸಿದರೆ ತೂಕ ಬಹುಮಟ್ಟಿಗೆ ಮರಳುತ್ತದೆ. ವೈದ್ಯರ ಮಾತಿಲ್ಲದೆ ಇವನ್ನು ಮುಟ್ಟಬಾರದು. ಹಿಂದೆ ಇದೇ ಉದ್ದೇಶಕ್ಕೆ ಮಾರುತ್ತಿದ್ದ ಸಿಬುಟ್ರಮಿನ್ ಎಂಬ ಮಾತ್ರೆಯನ್ನು ಹೃದಯಕ್ಕೆ ಅಪಾಯವೆಂದು ೨೦೧೧ರಲ್ಲಿ ಭಾರತದಲ್ಲಿ ನಿಷೇಧಿಸಿದ್ದನ್ನು ನೆನಪಿಡತಕ್ಕದ್ದು.

ಕೊನೆಯದು ಶಸ್ತ್ರಚಿಕಿತ್ಸೆ. ಬೊಜ್ಜು ಮಿತಿಮೀರಿದವರಿಗೆ ಜಠರವನ್ನು ಕಿರಿದುಮಾಡುತ್ತಾರೆ, ಅಥವಾ ಆಹಾರ ಕರುಳಿನ ಒಂದು ಭಾಗವನ್ನು ಬಿಟ್ಟು ಸಾಗುವಂತೆ ಮಾಡುತ್ತಾರೆ. ಫಲ ದೊಡ್ಡದು, ಖರ್ಚೂ ದೊಡ್ಡದು, ಆಮೇಲೆ ಜೀವಮಾನವಿಡೀ ಪಥ್ಯ, ತಪಾಸಣೆಗಳು ಬೇಕು.

ಉಪಸಂಹಾರ

ನಮ್ಮಲ್ಲಿ ಅನೇಕರು ತಮ್ಮ ಮನೆತನದಲ್ಲಿ ಮೊದಲಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ಮಗ ಮಗಳು ಬಿಸಿಲಲ್ಲಿ ಬೇಯದೆ ಕುರ್ಚಿಯಲ್ಲಿ ಕುಳಿತು ದುಡಿಯಲೆಂಬುದು ನಮ್ಮ ತಂದೆತಾಯಿಗಳ ಆಸೆ. ಆ ಕುರ್ಚಿ ದೊರೆತಾಗ ಗದ್ದೆಯ ಊಟವನ್ನು ಅದರ ಮೇಲೆ ಕುಳಿತು ಉಣ್ಣಬಾರದೆಂಬ ತಿಳಿವಳಿಕೆಯೂ ನಮ್ಮದಾಗಬೇಕು. ವೈದ್ಯರ ಚೀಟಿಯನ್ನು ಮನೆಯಲ್ಲಿ ಓದಿ ಹೇಳಬಲ್ಲವರು ನಾವೇ. ಈ ರಜೆಯಲ್ಲಿ ಒಂದು ಟೇಪು ತೆಗೆದುಕೊಂಡು ಅಪ್ಪ ಅಮ್ಮಂದಿರ ಸೊಂಟವನ್ನು ಅಳೆಯೋಣ. ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯರು ಇದನ್ನೇ ಕೇಳಿಕೊಂಡು ಬರುತ್ತಾರೆ. ಅಳತೆ ಮೀರಿದ್ದರೆ ತಾಲೂಕಾ ಆಸ್ಪತ್ರೆಗೆ ಕರೆದೊಯ್ದು ಸಕ್ಕರೆ, ರಕ್ತದೊತ್ತಡ ನೋಡಿಸೋಣ. ಓದಿದ ವಿದ್ಯೆ ಮನೆಗೆ ಮೊದಲು ಉಪಯೋಗವಾಗುವುದು ಹೀಗೆ.